ಅಮ್ಮನ ನಿವೃತ್ತಿಗೆ ಬಾಡಿಗೆ ಬೋಟಿನಲ್ಲಿ ಪಾರ್ಟಿ: ಆಲಪ್ಪುಳದಲ್ಲಿ ನಾವು ಪಟ್ಟ ಪಾಡು

ಜನವರಿ ಕೊನೆಗೆ ಅಮ್ಮ ಶಾಲೆಯಿಂದ ನಿವೃತ್ತರಾದರು. ಶಾಲೆಯವರ ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಇನ್ನು ಮನೆಯವರ ಲೆಕ್ಕದಲ್ಲಿ ಒಂದು ಪಾರ್ಟಿ ಆಗಬೇಕಲ್ಲ. ಪುತ್ತೂರಿನಲ್ಲೇ ಒಂದು ಹಾಲ್ ಹಿಡಿದು ಊಟ ಹಾಕಿಸಿದರೆ ಕೆಲಸ ಮುಗಿಯುತ್ತಿತ್ತು. ಆದರೆ ಅಮ್ಮ ಹಿಂದೊಮ್ಮೆ ಟಿವಿಯಲ್ಲಿ ಕೇರಳದ ಹೌಸ್‌ಬೋಟ್ ನೋಡಿ "ಇದರಲ್ಲಿ ಒಮ್ಮೆ ಹೋಗಬೇಕು" ಎಂದಿದ್ದರಂತೆ. ಅಕ್ಕ ಅದನ್ನೇ ಹಿಡಿದುಕೊಂಡಳು. ಬೋಟಿನಲ್ಲೇ ಪಾರ್ಟಿ, ಅದೂ ಆಲಪ್ಪುಳದಲ್ಲಿ, ಬೇರೆ ಮಾತಿಲ್ಲ ಎಂದಳು. ವ್ಯವಸ್ಥೆಯ ಹೊರೆ ನನ್ನ ಮತ್ತು ಭಾವನ ತಲೆಗೆ ಬಂತು. ಭಾವನ ಮನೆ ಕಾಸರಗೋಡಿನ ಕಡೆ. ಅವರಿಗೆ ಮಲಯಾಳ ನೀರು ಕುಡಿದಷ್ಟು ಸಲೀಸು. ಅದಿಲ್ಲದಿದ್ದರೆ ಈ ಕಥೆ ಬೇರೆಯೇ ಆಗುತ್ತಿತ್ತು.

ಮೊದಲ ಕೆಲಸ ದಿನ ಗೊತ್ತು ಮಾಡುವುದು. ಇದು ಸುಲಭ ಅಂದುಕೊಳ್ಳಬೇಡಿ. ಡಿಸೆಂಬರ್ ಕೊನೆಯ ವಾರ ಮತ್ತು ಹೊಸ ವರ್ಷಕ್ಕೆ ಬೋಟಿನ ಬಾಡಿಗೆ ಆಕಾಶಕ್ಕೆ ಏರಿರುತ್ತದೆ. ಜೂನ್‌ನಿಂದ ಮಳೆ. ಬೋಟುಗಳು ಓಡುತ್ತವೆ, ಬಾಡಿಗೆಯೂ ಕಡಿಮೆ. ಆದರೆ ಮಳೆ ಹೊಡೆದರೆ ಮೂವತ್ತು ಜನ ಟಾರ್ಪಾಲಿನ ಹಿಂದೆ ಮುದುಡಿ ಕೂರಬೇಕು. ಆಗಸ್ಟ್ ಆಸುಪಾಸಿನಲ್ಲಿ ಹೋಗುವವರು ನೆಹರು ಟ್ರೋಫಿ ದೋಣಿ ಸ್ಪರ್ಧೆಯ ದಿನಾಂಕ ನೋಡಿಕೊಳ್ಳಿ. ಆ ದಿನ ಪುನ್ನಮಡ ಕಡೆ ಹೌಸ್‌ಬೋಟಿಗೆ ಆರಾಮವಾಗಿ ತಿರುಗಲು ಆಗುವುದಿಲ್ಲ. ನಾವು ಫೆಬ್ರವರಿಯ ಒಂದು ಶನಿವಾರ ಹಿಡಿದೆವು. ಬಿಸಿಲು ಇನ್ನೂ ಏರಿರುವುದಿಲ್ಲ, ಮಳೆಯ ಭಯ ಇಲ್ಲ, ಬಾಡಿಗೆಯೂ ಸ್ವಲ್ಪ ಇಳಿದಿರುತ್ತದೆ.

ರಾತ್ರಿ ಉಳಿಯುವುದಾ, ಹಗಲು ಮಾತ್ರವಾ? ಇದಕ್ಕೆ ಮನೆಯಲ್ಲಿ ದೊಡ್ಡ ಚರ್ಚೆ ನಡೆಯಿತು. ರಾತ್ರಿಯ ಬುಕಿಂಗ್ ಎಂದರೆ ಸಾಮಾನ್ಯವಾಗಿ ಮಧ್ಯಾಹ್ನ 12ರ ಹೊತ್ತಿಗೆ ಹತ್ತಿ, ಮರುದಿನ ಬೆಳಗ್ಗೆ 9ಕ್ಕೆ ಇಳಿಯುವುದು. ಹಾಗೆಂದು ಬೋಟು ರಾತ್ರಿಯಿಡೀ ತೇಲುತ್ತಾ ಹೋಗುವುದಿಲ್ಲ. ಸಂಜೆ ಐದೂವರೆಗೆ ದಡಕ್ಕೆ ಕಟ್ಟಲೇಬೇಕು. ಆಮೇಲೆ ಕಾಯಲು ಮೀನುಗಾರರದ್ದು, ಅವರು ಬಲೆ ಬೀಸುವ ಹೊತ್ತು ಅದು. (ಅಲ್ಲಿ ಹಿನ್ನೀರಿಗೆ ಕಾಯಲ್ ಎನ್ನುತ್ತಾರೆ.) "ತಾರೆಗಳ ಕೆಳಗೆ ತೇಲುತ್ತಾ ಡಿನ್ನರ್" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಮ್ಮ ಬಳಗಕ್ಕೆ ರೂಮು ಬೇಕೆಂದರೆ ಮೂರು ಬೋಟು ಬೇಕಿತ್ತು. ಹಾಗಾಗಿ ಹನ್ನೊಂದರಿಂದ ಐದರವರೆಗಿನ ಹಗಲು ಸವಾರಿ ಎಂದು ತೀರ್ಮಾನ ಆಯಿತು.

ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಎಲ್ಲ ಬೋಟೂ ಒಂದೇ ಥರ ಕಾಣುತ್ತದೆ. ಅದೇ ಬೆತ್ತದ ಕುರ್ಚಿ, ಅದೇ ಹೂದಾನಿ, ಅದೇ ಸೂರ್ಯಾಸ್ತ. ನಾನು ಒಬ್ಬ ಬ್ರೋಕರಿಗೆ ಫೋನ್ ಮಾಡಿದೆ. ಮಾತು ಬೆಣ್ಣೆಯಂಥದ್ದು. ಇಪ್ಪತ್ನಾಲ್ಕು ಜನಕ್ಕೆ, ಸಸ್ಯಾಹಾರಿ ಊಟ, ಸಂಜೆ ಚಹಾ ಸೇರಿ 26,000 ಎಂದ. ಚೌಕಾಸಿ ಮಾಡದೆ ಒಪ್ಪುವಷ್ಟು ಸಮಂಜಸ ಅನಿಸಿತು. ಆದರೆ ಭಾವ ಬಿಡಲಿಲ್ಲ. "ಫೋಟೋಗೆ ದುಡ್ಡು ಕೊಡ್ತೀಯಾ ಎಂತ? ಬೋಟಿನ ಕಾಗದ ಕಳಿಸ್ಲಿಕ್ಕೆ ಹೇಳು" ಎಂದರು.

ಕಾಗದ ಎಂದರೆ ಏನೇನು? ಹೌಸ್‌ಬೋಟಿಗೂ ಬಸ್ಸು ಲಾರಿಗಳ ಹಾಗೆ ನೋಂದಣಿ ಇರುತ್ತದೆ. ಅಲ್ಲಿ ಬೋಟುಗಳ ಮೈಮೇಲೆ ಕೆಐವಿ ಎಂದು ಶುರುವಾಗುವ ಸಂಖ್ಯೆ ಬರೆದಿರುತ್ತಾರೆ. ಇನ್ನೊಂದು ಸರ್ವೆ ಸರ್ಟಿಫಿಕೇಟು. ಬೋಟಿನ ತಳ, ಎಂಜಿನ್, ಸುರಕ್ಷತೆ ಎಲ್ಲ ನೋಡಿ ಕೊಡುವುದು ಅದು. ಅದಕ್ಕೆ ಅವಧಿ ಇರುತ್ತದೆ, ಮುಗಿದಿದೆಯಾ ನೋಡಬೇಕು. ಎಷ್ಟು ಜನರನ್ನು ಹತ್ತಿಸಬಹುದು ಎಂಬ ಸಂಖ್ಯೆ ಕಾಗದದಲ್ಲೇ ಇರುತ್ತದೆ. ಮೂರನೆಯದು ವಿಮೆ. ನಾಲ್ಕನೆಯದು ಬೋಟು ನಡೆಸುವವರ ಲೈಸೆನ್ಸು. ಅಲ್ಲಿ ಚುಕ್ಕಾಣಿ ಹಿಡಿಯುವವನನ್ನು ಸ್ರಾಂಕ್ ಎನ್ನುತ್ತಾರೆ, ಎಂಜಿನ್ ನೋಡಿಕೊಳ್ಳುವವನು ಡ್ರೈವರ್, ಸಹಾಯಕ್ಕೆ ಲಸ್ಕರ್. ಇದನ್ನೆಲ್ಲ ವಾಟ್ಸಾಪ್‌ನಲ್ಲಿ ಕಳಿಸಿ ಎಂದರೆ ಒಳ್ಳೆಯ ಬೋಟಿನವರು ಬೇಜಾರು ಮಾಡಿಕೊಳ್ಳುವುದಿಲ್ಲ. ನಮ್ಮ ಬ್ರೋಕರ್ ಮೊದಲು "ಯಾರೂ ಕೇಳುವುದಿಲ್ಲ ಸಾರ್" ಎಂದ, ಆಮೇಲೆ ಕಳಿಸಿದ. ಅದರಲ್ಲಿ 25 ಜನ ಎಂದಿತ್ತು. ನಾವು 24. ಸರಿ ಎಂದು ಅಡ್ವಾನ್ಸ್ ಹಾಕಿದೆವು.

ಅಷ್ಟರಲ್ಲಿ ಸುದ್ದಿ ಹಬ್ಬಿತು.

ಬೆಂಗಳೂರಿನ ಚಿಕ್ಕಪ್ಪ "ನಮ್ಮನ್ನು ಕರೆಯದೆ ಅತ್ತಿಗೆಯ ಪಾರ್ಟಿಯಾ?" ಎಂದರು. ಅವರು ಬರುತ್ತಾರೆಂದರೆ ಅತ್ತೆ ಬಿಡುತ್ತಾರಾ? ಅತ್ತೆ ಬಂದರೆ ಅವರ ಮಗಳು, ಅಳಿಯ, ಎರಡು ಮಕ್ಕಳು. ಅಮ್ಮನ ಜೊತೆ ಪಾಠ ಮಾಡಿದ ಇಬ್ಬರು ಟೀಚರುಗಳನ್ನು ಅಮ್ಮನೇ ಕರೆದುಬಿಟ್ಟಿದ್ದರು. ಲಿಸ್ಟು ಮೂವತ್ತನಾಲ್ಕಕ್ಕೆ ಬಂದು ನಿಂತಿತು. ಬ್ರೋಕರಿಗೆ ಹೇಳಿದರೆ ಅವನಿಗೆ ಚಿಂತೆಯೇ ಇಲ್ಲ. "ಅದೇ ಬೋಟು ಸಾಕು. ಮಕ್ಕಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಚೆಕಿಂಗ್ ಬಂದರೆ ನಾನು ನೋಡಿಕೊಳ್ಳುತ್ತೇನೆ."

ಇಲ್ಲಿ ನಮ್ಮ ಮನೆಯಲ್ಲೇ ಎರಡು ಪಕ್ಷ ಆಯಿತು. ಅಣ್ಣ, "ಒಂಬತ್ತು ಜನ ಜಾಸ್ತಿಯಾದರೆ ಏನು ಮುಳುಗುತ್ತದಾ? ಅಷ್ಟು ದೊಡ್ಡ ಬೋಟು" ಎಂದ. ಭಾವ ಫೋನ್ ತೆಗೆದು ತಾನೂರಿನ ಸುದ್ದಿ ಓದಿಸಿದರು. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಪ್ರವಾಸಿ ಬೋಟು ಮಗುಚಿ 22 ಜನ ತೀರಿಕೊಂಡರು. ಅದರಲ್ಲಿ ಮಕ್ಕಳೇ ಜಾಸ್ತಿ. ಮಿತಿ ಮೀರಿ ಜನ ಹತ್ತಿಸಿದ್ದರು, ಹೊತ್ತು ಮೀರಿ ಓಡಿಸಿದ್ದರು. ಕೇರಳದ ಮಾತು ಯಾಕೆ, ನಮ್ಮ ಕಾರವಾರದಲ್ಲೇ 2019ರ ಜನವರಿಯಲ್ಲಿ ಕೂರ್ಮಗಡ ಜಾತ್ರೆಯಿಂದ ಬರುತ್ತಿದ್ದ ಬೋಟು ಮಗುಚಿ 16 ಜನ ಹೋದರಲ್ಲ. ಅಲ್ಲಿಯೂ ಹಿಡಿಸುವುದಕ್ಕಿಂತ ಜಾಸ್ತಿ ಜನ. ಅಣ್ಣ ಮತ್ತೆ ಮಾತಾಡಲಿಲ್ಲ.

ಉಳಿದ ದಾರಿ ಎರಡು. ಎರಡು ಬೋಟು ಮಾಡುವುದು, ಇಲ್ಲವೇ ದೊಡ್ಡದೊಂದು ಹುಡುಕುವುದು. ಎರಡು ಬೋಟು ಮಾಡಿದರೆ ಖರ್ಚು ಅಷ್ಟೇನೂ ಏರುವುದಿಲ್ಲ, ಆದರೆ ಪಾರ್ಟಿ ಒಡೆದುಹೋಗುತ್ತದೆ. ಅಮ್ಮ ಯಾವುದರಲ್ಲಿ ಕೂರಬೇಕು? ಕೊನೆಗೆ 40 ಜನಕ್ಕೆ ಪರವಾನಗಿ ಇರುವ ಎರಡು ಅಂತಸ್ತಿನ ಬೋಟು 38,000ಕ್ಕೆ ಸಿಕ್ಕಿತು. ಅದೇ ಬ್ರೋಕರ್, ಮೊದಲಿನ ಅಡ್ವಾನ್ಸು ಇದಕ್ಕೇ ವಜಾ. ಈ ಸಲ ಭಾವ ಮಾತನ್ನೆಲ್ಲ ಬರಹದಲ್ಲಿ ಹಾಕಿಸಿದರು. ಬೋಟಿನ ಹೆಸರು, ನೋಂದಣಿ ಸಂಖ್ಯೆ, ಹೊರಡುವ ಜೆಟ್ಟಿ, ಹೊತ್ತು, ಊಟದ ಐಟಂಗಳು, ಎಸಿ ಎಷ್ಟು ಗಂಟೆ, ಬಾಕಿ ಯಾವಾಗ ಕೊಡುವುದು, ಬೋಟು ಬದಲಾದರೆ ಏನು ಎನ್ನುವುದೂ ಸೇರಿ. ಆ ಕೊನೆಯ ಸಾಲು ನನಗೆ ಆಗ ಅತಿಯಾಯಿತು ಅನಿಸಿತ್ತು.

ಬ್ರೋಕರುಗಳ ಗೊಡವೆಯೇ ಬೇಡ ಅನ್ನುವವರಿಗೆ ಆಲಪ್ಪುಳ ಬೋಟ್ ಜೆಟ್ಟಿಯ ಹತ್ತಿರ ಜಿಲ್ಲಾ ಪ್ರವಾಸೋದ್ಯಮ ಮಂಡಳಿಯ, ಅಂದರೆ ಡಿಟಿಪಿಸಿಯ ಪ್ರೀಪೇಯ್ಡ್ ಕೌಂಟರ್ ಇದೆ. ಸಣ್ಣ ಗುಂಪಾದರೆ ನೇರ ಅಲ್ಲಿಗೆ ಹೋದರೂ ನಡೆಯುತ್ತದೆ. ನಮ್ಮಂಥ ದೊಡ್ಡ ಬಳಗ ಮೊದಲೇ ಗೊತ್ತುಮಾಡಿಕೊಳ್ಳದೆ ಹೋಗುವ ಹಾಗಿಲ್ಲ.

ಇನ್ನು ಪ್ರಯಾಣ. ಮಂಗಳೂರು ಸೆಂಟ್ರಲ್‌ನಿಂದ ಸಂಜೆ ಹೊರಡುವ ಮಾವೇಲಿ ಎಕ್ಸ್‌ಪ್ರೆಸ್ ಆಲಪ್ಪುಳದ ಮೇಲೆಯೇ ಹೋಗುತ್ತದೆ. ಬೆಳಗಿನ ಜಾವ ಇಳಿಸುತ್ತದೆ. ವಾಪಸು ಬರುವಾಗಲೂ ರಾತ್ರಿ ಅದೇ ರೈಲು. ಹೊರಗೆ ರಾತ್ರಿ ತಂಗದೆ ಪಾರ್ಟಿ ಮುಗಿಸಿ ಬರಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಮಂಗಳೂರಿನ ವಂದೇ ಭಾರತ್ ಕೂಡ ಆಲಪ್ಪುಳದ ಮೇಲೆ ಹೋಗುತ್ತದೆ, ಆದರೆ ಆ ಹೊತ್ತು ನಮಗೆ ಹೊಂದುತ್ತಿರಲಿಲ್ಲ. ಮುಂಗಡ ರಿಸರ್ವೇಶನ್ ಈಗ 60 ದಿನಕ್ಕೆ ಇಳಿದಿದೆ, 2024ರ ನವೆಂಬರ್‌ವರೆಗೆ 120 ಇತ್ತು. ಗುಂಪಿನಲ್ಲಿ ಹೋಗುವವರು ಬುಕಿಂಗ್ ತೆರೆದ ದಿನವೇ ಕೂತು ಮಾಡಬೇಕು. ಒಂದು ಟಿಕೆಟಿಗೆ ಆರೇ ಜನ ಆಗುವ ಕಾರಣ ನಮ್ಮ ಬರ್ತುಗಳು ಬೋಗಿ ತುಂಬಾ ಚದುರಿಹೋದವು. ಬೆಂಗಳೂರಿನವರು ಎರ್ನಾಕುಲಂವರೆಗೆ ರೈಲಿನಲ್ಲಿ ಬಂದು ಅಲ್ಲಿಂದ ಟ್ಯಾಕ್ಸಿ ಮಾಡಿದರು.

ಬೆಳಗಿನ ಜಾವ ಇಳಿದು ಹನ್ನೊಂದರವರೆಗೆ ಏನು ಮಾಡುವುದು? ಇದನ್ನು ತುಂಬಾ ಜನ ಯೋಚಿಸುವುದಿಲ್ಲ. ನಾವು ಸ್ಟೇಶನ್ ಹತ್ತಿರ ಅರ್ಧ ದಿನಕ್ಕೆ ಮೂರು ರೂಮು ಹಿಡಿದಿದ್ದೆವು. ಹಲ್ಲುಜ್ಜಿ, ಸ್ನಾನ ಮಾಡಿ, ಸೀರೆ ಉಡಲು ಸರದಿ. ಸ್ನಾನ ಆದವರು ಬೀಚಿಗೆ ಹೋದರು. 1862ರಲ್ಲಿ ಕಟ್ಟಿದ ಹಳೆಯ ಕಡಲ ಸೇತುವೆಯ ಕಂಬಗಳು ಅಲ್ಲಿ ಇನ್ನೂ ನಿಂತಿವೆ, ತುಕ್ಕು ಹಿಡಿದು. ಮಕ್ಕಳಿಗೆ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ.

ಹನ್ನೊಂದಕ್ಕೆ ಸರಿಯಾಗಿ ಜೆಟ್ಟಿಗೆ ಬಂದೆವು. ಕೇಕು ಕೂಡ ಬೇಕರಿಯಿಂದ ಬಂತು. ಬೋಟು ನಿಂತಿತ್ತು. ಬ್ರೋಕರಿನ ಹುಡುಗ ನಗುತ್ತಾ "ಬನ್ನಿ ಬನ್ನಿ" ಎಂದ. ಅಕ್ಕ ಆಗಲೇ ಬಲೂನಿನ ಚೀಲ ಹಿಡಿದು ಮುಂದೆ ಹೋಗಿದ್ದಳು. ಭಾವ ಮಾತ್ರ ದಡದಲ್ಲೇ ನಿಂತು ಬೋಟಿನ ಮೈ ನೋಡಿದರು, ಕೈಯಲ್ಲಿದ್ದ ಪ್ರಿಂಟೌಟ್ ನೋಡಿದರು, ಮತ್ತೆ ಬೋಟು ನೋಡಿದರು. ನಂಬರ್ ಬೇರೆ.

"ಅದರ ಎಂಜಿನ್ನಿಗೆ ಸ್ವಲ್ಪ ತೊಂದರೆ. ಇದೂ ಅದೇ ಥರದ್ದು, ಇನ್ನೂ ಹೊಸದು" ಎಂದ ಹುಡುಗ. ಕಾಗದ ತೋರಿಸು ಎಂದರೆ ಮೊದಲು ತಡವರಿಸಿದ, ಆಮೇಲೆ ಸ್ರಾಂಕ್ ಒಳಗಿನಿಂದ ಲ್ಯಾಮಿನೇಟ್ ಮಾಡಿದ ಹಾಳೆ ತಂದುಕೊಟ್ಟ. ಅದರಲ್ಲಿ 28 ಜನ. ಭಾವ ಆ ಹಾಳೆಯನ್ನು ನನಗೆ ದಾಟಿಸಿ, ಹತ್ತಿದ್ದವರನ್ನೆಲ್ಲ ಇಳಿಸಲು ಹೇಳಿದರು.

ಆಮೇಲಿನ ಹೊತ್ತು ನೆನೆಸಿಕೊಂಡರೆ ಈಗಲೂ ಬೆವರುತ್ತೇನೆ. ಜೆಟ್ಟಿಯ ತಗಡಿನ ಮಾಡಿನ ಕೆಳಗೆ ಬಳಗ ಇಡೀ ನಿಂತಿದೆ. ರೇಷ್ಮೆ ಸೀರೆ ಉಟ್ಟ ಅತ್ತೆ ಟವೆಲನ್ನೇ ಬೀಸಣಿಗೆ ಮಾಡಿಕೊಂಡಿದ್ದಾರೆ. ಮಕ್ಕಳು ಹಸಿವು ಎನ್ನುತ್ತಿವೆ. ಚಿಕ್ಕಪ್ಪ, "ಏನೋ ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡ್ರೆ ಆಗ್ತಿತ್ತಪ್ಪ" ಎಂದು ಎಲ್ಲರಿಗೂ ಕೇಳಿಸುವ ಹಾಗೆ ಗೊಣಗುತ್ತಿದ್ದಾರೆ. ಕೇಕಿನ ಡಬ್ಬಿ ನನ್ನ ಕೈಯಲ್ಲಿ. ಅದರ ಮೇಲೆ ಕ್ರೀಮಿನಲ್ಲಿ "ಟೀಚರಮ್ಮನಿಗೆ" ಎಂದು ಬರೆಸಿದ್ದೆವು. ಮುಚ್ಚಳ ತೆಗೆದು ನೋಡಿದಾಗ "ಟೀ" ಇಳಿದುಹೋಗಿತ್ತು, "ಚರಮ್ಮನಿಗೆ" ಮಾತ್ರ ಉಳಿದಿತ್ತು. ಅಮ್ಮನಿಗೆ ತೋರಿಸಿದರೆ ಅವರಿಗೆ ನಗು ತಡೆಯಲಾಗಲಿಲ್ಲ. ಆ ಗಲಾಟೆಯಲ್ಲಿ ತಲೆ ಕೆಡಿಸಿಕೊಳ್ಳದೆ ಇದ್ದದ್ದು ಅವರೊಬ್ಬರೇ.

ಬ್ರೋಕರ್ ಫೋನ್ ಎತ್ತುತ್ತಿರಲಿಲ್ಲ. ಆಗ ಕೆಲಸಕ್ಕೆ ಬಂದದ್ದು ನೋಂದಣಿ ಕಾಗದದ ಪ್ರತಿ. ಅದರಲ್ಲಿ ಮಾಲೀಕರ ಹೆಸರು ಇರುತ್ತದೆ. ಭಾವ ಪಕ್ಕದ ಬೋಟಿನ ಲಸ್ಕರನನ್ನು ಮಾತಿಗೆಳೆದು, ಆ ಹೆಸರಿನವರ ನಂಬರ್ ಪಡೆದು, ಮಾಲೀಕರಿಗೇ ಫೋನ್ ಮಾಡಿದರು. ಅವರಿಗೆ ನಮ್ಮ ವಿಷಯ ಗೊತ್ತಿತ್ತು. ಎಂಜಿನ್ನಿಗೆ ಏನೂ ಆಗಿರಲಿಲ್ಲ. ಬ್ರೋಕರ್ ಆ ಬೋಟನ್ನು ಬೇರೆಯವರಿಗೆ ರಾತ್ರಿಗೂ ಕೊಟ್ಟಿದ್ದ, ಅವರು ತಡವಾಗಿ ಇಳಿದಿದ್ದರು, ಕ್ಲೀನಿಂಗ್ ನಡೆಯುತ್ತಿತ್ತು. ಅಷ್ಟೇ. ಹೀಗೆ ಒಂದೇ ದಿನಕ್ಕೆ ಎರಡು ಗಿರಾಕಿ ಹಿಡಿಯುವುದು ಸೀಸನ್ನಿನಲ್ಲಿ ಹೊಸತಲ್ಲ ಎಂದು ಆ ಲಸ್ಕರನೇ ಹೇಳಿದ. ಬೋಟು ಬರುವಾಗ ಒಂದೂವರೆ ಗಂಟೆ ಮೀರಿ ಹನ್ನೆರಡೂವರೆ ದಾಟಿತ್ತು. ಬರಹದಲ್ಲಿ ಇದ್ದ ಆ ಕೊನೆಯ ಸಾಲಿನ ಬಲದಿಂದ 3,000 ಕಡಿಮೆ ಮಾಡಿಸಿಕೊಂಡೆವು. ಹೊತ್ತು ಮಾತ್ರ ಹೋದದ್ದು ಹೋಯಿತು. ಐದೂವರೆಯ ಗೆರೆ ಯಾರಿಗಾಗಿಯೂ ಜಾರುವುದಿಲ್ಲ.

ಹತ್ತುವಾಗ ಅಜ್ಜಿಯದ್ದೇ ಚಿಂತೆ. ಎಂಬತ್ತು ದಾಟಿದೆ, ಮಂಡಿ ನೋವು. ಆಲಪ್ಪುಳದಲ್ಲಿ ಬೋಟುಗಳು ಒಂದರ ಪಕ್ಕ ಒಂದು ಒತ್ತಾಗಿ ನಿಂತಿರುತ್ತವೆ. ನಿಮ್ಮ ಬೋಟು ಮೂರನೆಯದಾದರೆ ಎರಡು ಬೋಟು ದಾಟಿಯೇ ಹೋಗಬೇಕು. ವಯಸ್ಸಾದವರು ಇದ್ದರೆ "ದಡಕ್ಕೆ ತಾಗಿಸಿ ನಿಲ್ಲಿಸಬೇಕು" ಎಂದು ಬುಕಿಂಗ್ ಮಾಡುವಾಗಲೇ ಹೇಳಿ. ನಾವು ಹೇಳಿದ್ದೆವು. ಆದರೂ ದಡಕ್ಕೂ ಬೋಟಿಗೂ ನಡುವೆ ಒಂದು ಹಲಗೆ. ಎತ್ತಿಕೊಂಡು ಹೋಗುತ್ತೇವೆ ಎಂದರೆ ಅಜ್ಜಿ ಒಪ್ಪಲಿಲ್ಲ. "ನನ್ನನ್ನು ಎತ್ತುವ ಕಾಲ ಇನ್ನೂ ಬರ್ಲಿಲ್ಲ" ಎಂದು ಗದರಿದರು. ಲಸ್ಕರ್ ಒಂದು ಬಿದಿರಿನ ಗಳ ತಂದು ಅದರ ಒಂದು ತುದಿ ತಾನು, ಇನ್ನೊಂದು ತುದಿ ದಡದಲ್ಲಿದ್ದ ಭಾವನಿಗೆ ಕೊಟ್ಟ. ಅದೇ ಕೈಹಿಡಿ ಆಯಿತು. ಅಜ್ಜಿ ಚಪ್ಪಲಿ ಬಿಚ್ಚಿ, ಸೆರಗು ಸಿಕ್ಕಿಸಿ, ಗಳ ಹಿಡಿದು, ಒಂದೊಂದೇ ಹೆಜ್ಜೆ ಇಟ್ಟು ದಾಟಿದರು. ದಾಟಿದ ಮೇಲೆ ಚಪ್ಪಲಿ ದಡದಲ್ಲೇ ಉಳಿದಿದೆ ಎಂದು ನನಗೆ ಬೈದರು.

ಹತ್ತಿದ ಕೂಡಲೇ ಮಾಡಬೇಕಾದ ಕೆಲವು ಕೆಲಸ ಇವೆ. ಫೋಟೋ ಆಮೇಲೆ ತೆಗೆಯಿರಿ. ಲೈಫ್ ಜಾಕೆಟ್ ಎಲ್ಲಿವೆ, ಎಷ್ಟಿವೆ ಎಂದು ಕೇಳಿ, ಹೊರಗೆ ತೆಗೆಸಿ. ನಮ್ಮ ಬೋಟಿನಲ್ಲಿ ಲೆಕ್ಕಕ್ಕೆ ಸರಿಯಾಗಿಯೇ ಇದ್ದವು, ಆದರೆ ಬೆಂಚಿನ ಅಡಿಯಲ್ಲಿ ಹಗ್ಗ ಹಾಕಿ ಕಟ್ಟಿಟ್ಟಿದ್ದರು. ಮಕ್ಕಳ ಸೈಜಿನವು ನಾಲ್ಕೇ. ನಾವು ಅಕ್ಕನ ಮಕ್ಕಳಿಗೆ ಊರಿನಿಂದಲೇ ತಂದಿದ್ದು ಒಳ್ಳೆಯದಾಯಿತು. ದೊಡ್ಡವರ ಜಾಕೆಟ್ಟು ಮಗುವಿಗೆ ಹಾಕಿದರೆ ನೀರಿಗೆ ಬಿದ್ದಾಗ ಜಾಕೆಟ್ಟು ಮೇಲೆ, ಮಗು ಕೆಳಗೆ. ಅಡುಗೆ ಕೋಣೆಯ ಹತ್ತಿರ ಬೆಂಕಿ ಆರಿಸುವ ಸಿಲಿಂಡರ್ ಇದೆಯಾ ನೋಡಿ. ಈ ಬೋಟುಗಳ ಮಾಡು ಬಿದಿರು, ಓಲೆ, ಚಾಪೆಗಳದ್ದು. ಒಳಗೆ ಗ್ಯಾಸ್ ಇರುತ್ತದೆ, ಜನರೇಟರ್ ಇರುತ್ತದೆ. 2020ರ ಜನವರಿಯಲ್ಲಿ ಪಾತಿರಾಮಣಲ್ ದ್ವೀಪದ ಹತ್ತಿರ ಒಂದು ಹೌಸ್‌ಬೋಟ್ ಹೊತ್ತಿ ಉರಿದು, ಒಳಗಿದ್ದವರೆಲ್ಲ ನೀರಿಗಿಳಿದು ಬದುಕಿದರು. ಇದನ್ನು ಓದಿದ ಮೇಲೆ ಕೇಕಿನ ಮೇಲೆ ಹಚ್ಚುವ ಮೇಣದಬತ್ತಿಯನ್ನೂ ನಾವು ಬಿಟ್ಟೆವು. ಬ್ಯಾಟರಿಯ ಪುಟ್ಟ ದೀಪ ಇಟ್ಟೆವು. ಕಿಡಿ ಹಾರಿಸುವ ಆ ಬಣ್ಣದ ಕಡ್ಡಿಗಳಂತೂ ಬೇಡವೇ ಬೇಡ. ಅಕ್ಕನ ಬಲೂನುಗಳನ್ನೂ ಚಿನ್ನದ ಕಾಗದದ ಚೂರುಗಳನ್ನೂ ಸ್ರಾಂಕ್ ಬೇಡ ಎಂದ. ಒಡೆದ ಬಲೂನು, ಕಾಗದದ ಚೂರು ಹಾರಿ ನೀರಿಗೇ ಬೀಳುತ್ತದೆ. ಅಕ್ಕನ ಮುಖ ಸಪ್ಪಗಾಯಿತು. ಅಮ್ಮನ ಗೆಳತಿ ಟೀಚರ್ ಒಬ್ಬರು ಮಂಗಳೂರು ಮಲ್ಲಿಗೆ ಚೆಂಡುಗಟ್ಟಲೆ ತಂದಿದ್ದರು. ಅದನ್ನೇ ಕಂಬಗಳಿಗೆ ಸುತ್ತಿದೆವು. ಬಲೂನಿಗಿಂತ ಸಾವಿರ ಪಾಲು ಚೆನ್ನಾಗಿತ್ತು.

ಹೊರಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಎಂಜಿನ್ ಗೊರಗೊರ ಎಂದು ನಿಂತಿತು. ಎಲ್ಲರೂ ಭಾವನ ಮುಖ ನೋಡಿದರು. ತೊಂದರೆ ಎಂಜಿನ್ನಿನದ್ದಲ್ಲ, ಅಂತರಗಂಗೆಯದ್ದು. ಕಾಲುವೆ ತುಂಬಾ ಹಸಿರು ಹಾಸು. ಬೇಸಿಗೆಗೆ ಮುಂಚೆ ಉಪ್ಪುನೀರು ಗದ್ದೆಗೆ ನುಗ್ಗದಿರಲೆಂದು ತಣ್ಣೀರ್‌ಮುಕ್ಕಂ ಒಡ್ಡಿನ ಬಾಗಿಲು ಹಾಕುತ್ತಾರೆ. ಉಪ್ಪು ಬಾರದಿದ್ದರೆ ಈ ಗಿಡ ಸಾಯುವುದಿಲ್ಲ, ಹಬ್ಬುತ್ತಲೇ ಹೋಗುತ್ತದೆ. ಫೆಬ್ರವರಿಯಲ್ಲಿ ಹೋಗುವವರಿಗೆ ಇದು ಗೊತ್ತಿರಲಿ. ಲಸ್ಕರ್ ಅಂಗಿ ಕಳಚಿ, ಬಾಯಲ್ಲಿ ಕುಡುಗೋಲು ಕಚ್ಚಿಕೊಂಡು ಹಿಂಬದಿಯಿಂದ ನೀರಿಗಿಳಿದ. ಪ್ರೊಪೆಲ್ಲರಿಗೆ ಸುತ್ತಿದ ನಾರನ್ನು ಕೊಯ್ದು ಕೊಯ್ದು ಮೇಲಕ್ಕೆ ಎಸೆದ. ಬೇರಿನ ಕಪ್ಪು ಗೊಂಚಲಿನಲ್ಲಿ ಒಂದು ಏಡಿ ಸಿಕ್ಕಿತು, ಮಕ್ಕಳು ಅದರ ಹಿಂದೆ ಬಿದ್ದರು. ಹತ್ತು ನಿಮಿಷದಲ್ಲಿ ಎಂಜಿನ್ ಮತ್ತೆ ಹಿಡಿಯಿತು.

ವೇಂಬನಾಡು ಕಾಯಲಿಗೆ ಬಂದಾಗ ಮಾತ್ರ ಎಲ್ಲರ ಬಾಯಿ ಮುಚ್ಚಿತು, ಚಿಕ್ಕಪ್ಪನದ್ದೂ ಸೇರಿ. ಕಣ್ಣು ಹಾಯಿಸಿದಷ್ಟು ನೀರು. ಒಂದು ಬದಿಯಲ್ಲಿ ಒಡ್ಡು, ಒಡ್ಡಿನಾಚೆ ಗದ್ದೆ ನೀರಿಗಿಂತ ತಗ್ಗಿನಲ್ಲಿ. ಕುಟ್ಟನಾಡಿನಲ್ಲಿ ಸಮುದ್ರ ಮಟ್ಟಕ್ಕಿಂತ ಕೆಳಗೆ ಬತ್ತ ಬೆಳೆಯುತ್ತಾರೆ ಎಂದು ಅಮ್ಮ ಎಷ್ಟೋ ವರ್ಷ ಪಾಠ ಮಾಡಿದ್ದರು. ಈಗ ಎದುರೇ ಕಂಡಾಗ ಪಾಠ ಮತ್ತೆ ಶುರುವಾಯಿತು. ಮಕ್ಕಳು ತಪ್ಪಿಸಿಕೊಳ್ಳಲು ಜಾಗ ಇರಲಿಲ್ಲ, ಬೋಟಲ್ವಾ.

ಇಲ್ಲೇ ಒಮ್ಮೆ ಎದೆ ಝಲ್ ಎಂದದ್ದು. ಯಾರೋ "ನೀರುಕಾಗೆ ಮೀನು ಹಿಡಿಯಿತು" ಎಂದು ಕೂಗಿದರು. ಎಲ್ಲರೂ ಮೊಬೈಲು ಹಿಡಿದು ಎಡಬದಿಗೆ ಓಡಿದರು. ಬೋಟು ಅಷ್ಟು ದೊಡ್ಡದು, ಆದರೂ ವಾಲಿದ್ದು ಕಾಲಿಗೆ ಗೊತ್ತಾಯಿತು. ಮೇಜಿನ ಮೇಲಿನ ಲೋಟ ಉರುಳಿತು. ಸ್ರಾಂಕ್ ಚುಕ್ಕಾಣಿ ಬಿಡದೆಯೇ ಮಲಯಾಳದಲ್ಲಿ ಕಿರುಚಿದ, ಭಾಷೆ ಬಾರದವರಿಗೂ ಅರ್ಥವಾಯಿತು. ಆಮೇಲೆ ಒಂದು ನಿಯಮ ಮಾಡಿದೆವು: ಮೇಲಿನ ಅಂತಸ್ತಿನಲ್ಲಿ ಒಮ್ಮೆಗೆ ಹತ್ತೇ ಜನ, ಮಕ್ಕಳ ಜೊತೆ ಒಬ್ಬ ದೊಡ್ಡವರು. ಭಾರ ಮೇಲೆ ಹೋದಷ್ಟು ಬೋಟು ಅಸ್ಥಿರ. ನಿಮ್ಮ ಗುಂಪಿನಲ್ಲಿ ಗದರಿದರೆ ಎಲ್ಲರೂ ಕೇಳುವಂಥ ಒಬ್ಬರನ್ನು ಇದಕ್ಕೆಂದೇ ನೇಮಿಸಿಬಿಡಿ. ನಮ್ಮಲ್ಲಿ ಆ ಕೆಲಸ ನಿವೃತ್ತ ಟೀಚರುಗಳು ತಾವಾಗಿಯೇ ವಹಿಸಿಕೊಂಡರು.

ಊಟ ಚೆನ್ನಾಗಿತ್ತು. ನಮ್ಮದು ಸಸ್ಯಾಹಾರಿ ಮನೆ. ಬೋಟಿನ ಅಡುಗೆಯವರು ದಿನವೂ ಕರಿಮೀನು ಹುರಿಯುವವರು, ಅದೇ ಬಾಣಲೆ, ಅದೇ ಎಣ್ಣೆ. ಬೇರೆ ಪಾತ್ರೆ, ಹೊಸ ಎಣ್ಣೆ ಎಂದು ಮೊದಲೇ ಬರೆಸಿದ್ದೆವು, ಹಾಗೆಯೇ ಮಾಡಿದ್ದರು. ಅವಿಯಲ್, ತೋರನ್, ಸಾಂಬಾರು, ಹಪ್ಪಳ, ಪಾಯಸ. ಅನ್ನ ಅಲ್ಲಿಯ ಕೆಂಪು ಕುಚ್ಚಲಕ್ಕಿಯದ್ದು, ನಮಗೆ ಅದೇ ಬೇಕು. ಬೆಂಗಳೂರಿನವರಿಗೆ ಬೆಳ್ತಿಗೆ ಅನ್ನವನ್ನೂ ಮಾಡಿಸಿದ್ದೆವು. ಇಲ್ಲದಿದ್ದರೆ ಚಿಕ್ಕಪ್ಪ ಅದಕ್ಕೂ ಏನಾದರೂ ಹೇಳುತ್ತಿದ್ದರು.

ಪಾನದ ವಿಷಯ ಕೇಳುವವರು ಇದ್ದೇ ಇರುತ್ತಾರೆ. ನಮ್ಮಲ್ಲೂ ಇಬ್ಬರು ಮಾವಂದಿರು ಮೆಲ್ಲಗೆ ವಿಚಾರಿಸಿದರು. ಅಮ್ಮ "ಬೇಡ" ಎಂದ ಮೇಲೆ ಮುಗಿಯಿತು. ಬೇಕು ಎನ್ನುವವರಿಗೆ ಇಷ್ಟು ಗೊತ್ತಿರಲಿ: ಬೋಟಿನವರು ಮಾರುವ ಹಾಗಿಲ್ಲ. ಊರಿನಿಂದ ಬಾಟಲಿ ಹೊತ್ತು ಗಡಿ ದಾಟಿದರೆ ಅಬಕಾರಿಯವರ ಕೈಗೆ ಸಿಗಬಹುದು. ಅಲ್ಲಿಯ ಸರ್ಕಾರಿ ಅಂಗಡಿಗಳು ತಿಂಗಳ ಮೊದಲ ತಾರೀಕು ಮುಚ್ಚಿರುತ್ತವೆ. ಕುಡಿದವರನ್ನು ರೇಲಿಂಗಿನ ಹತ್ತಿರ ಬಿಡಬೇಡಿ, ಬೋಟು ನಡೆಸುವವರಿಗೆ ಪ್ರೀತಿಯಿಂದಲೂ ಕೊಡಬೇಡಿ.

ಹಾಡಿಗೆ ದೊಡ್ಡ ಸ್ಪೀಕರ್ ತರಬೇಕೆಂದು ಅಣ್ಣನ ಆಸೆ ಇತ್ತು. ಆದರೆ ಕಾಲುವೆಯ ಎರಡೂ ದಡದಲ್ಲಿ ಜನರ ಮನೆ ಇದೆ. ಹಿತ್ತಲ ಮೆಟ್ಟಿಲಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಿರುತ್ತಾರೆ, ಮಕ್ಕಳು ಓದುತ್ತಿರುತ್ತಾರೆ. ದಿನವಿಡೀ ಅವರ ಮನೆ ಮುಂದೆ ಡಿಜೆ ಹೋದರೆ ಹೇಗಿರಬೇಡ? ಸಣ್ಣದೊಂದು ಬ್ಲೂಟೂತ್ ಪೆಟ್ಟಿಗೆ ಸಾಕಾಯಿತು. ಅದೂ ಕಾಯಲಿನ ನಡುವೆ ಮಾತ್ರ. ಆಮೇಲೆ ಅಂತ್ಯಾಕ್ಷರಿ. ಅಜ್ಜಿ ಒಂದು ಶೋಭಾನೆ ಹೇಳಿದರು. ಅರ್ಧಕ್ಕೆ ಮರೆತು, ಮೊದಲಿನಿಂದ ಶುರು ಮಾಡಿ, ಪೂರ್ತಿ ಹೇಳಿಯೇ ಬಿಟ್ಟರು. ಅಮ್ಮ "ಚರಮ್ಮನಿಗೆ" ಕೇಕು ಕತ್ತರಿಸಿದರು. ಭಾಷಣ ಬೇಡ ಎಂದಿದ್ದವರು ಅರ್ಧ ಗಂಟೆ ಮಾತಾಡಿದರು.

ಶೌಚಾಲಯದ ಬಗ್ಗೆ ಯಾರೂ ಬರೆಯುವುದಿಲ್ಲ, ನಾನು ಬರೆಯುತ್ತೇನೆ. ಇಷ್ಟು ಜನಕ್ಕೆ ಇದ್ದದ್ದು ಮೂರು. ಮೂರೂವರೆಯ ಹೊತ್ತಿಗೆ ಒಂದರಲ್ಲಿ ನೀರು ಮುಗಿಯಿತು. ಹೊರಡುವ ಮೊದಲು ಟ್ಯಾಂಕ್ ತುಂಬಿಸಿದ್ದಾರಾ ಎಂದು ಕೇಳಿ. ಕುಡಿಯುವ ನೀರಿಗೆ ಇಪ್ಪತ್ತು ಲೀಟರಿನ ಕ್ಯಾನುಗಳನ್ನು ಹೇಳಿ ಇಡಿಸಿ, ಸಣ್ಣ ಬಾಟಲಿ ಬೇಡ. ಖಾಲಿ ಬಾಟಲಿ ಉರುಳುವುದು ಕೊನೆಗೆ ಕಾಯಲಿಗೇ.

ದಾರಿಯಲ್ಲಿ ಬೋಟು ಒಂದೆರಡು ಕಡೆ "ಮೀನು ನೋಡಿ, ಅಂಗಡಿ ನೋಡಿ" ಎಂದು ನಿಲ್ಲುತ್ತದೆ. ಕೊಳ್ಳುವ ಕಟ್ಟುಪಾಡು ಇಲ್ಲ. ನಮಗೆ ಹೊತ್ತೇ ಕಡಿಮೆ ಇತ್ತು, ನಿಲ್ಲಿಸಬೇಡಿ ಎಂದೆವು. ಅದರ ಬದಲು ಬೋಟು ಹೋಗಲಾರದ ಸಣ್ಣ ತೋಡುಗಳಿಗೆ ಮಕ್ಕಳನ್ನು ದೋಣಿಯಲ್ಲಿ ಕಳಿಸಿದೆವು. ಅದಕ್ಕೆ ಬೇರೆ ದುಡ್ಡು. ನನ್ನ ಪ್ರಕಾರ ಇಡೀ ದಿನದಲ್ಲಿ ಅತಿ ಚೆನ್ನಾಗಿದ್ದದ್ದು ಅದೇ, ಹೌಸ್‌ಬೋಟ್ ಅಲ್ಲ. ಬೋಟಿನ ಆಡಂಬರ ಬೇಡ ಎನ್ನುವವರು ರಾಜ್ಯ ಜಲ ಸಾರಿಗೆ ಇಲಾಖೆಯ ದೋಣಿ ಹತ್ತಿ. ಊರಿನವರ ಜೊತೆ ಬಸ್ಸಿನ ದರದಲ್ಲಿ ಇದೇ ಕಾಯಲು ನೋಡಬಹುದು.

ಐದೂ ಕಾಲಿಗೆ ಜೆಟ್ಟಿಗೆ ತಾಗಿಸಿದರು. ಆಗಲೇ ಸಣ್ಣ ದೋಣಿಗಳು ಬಲೆ ಹೊತ್ತು ಎದುರಿನಿಂದ ಬರುತ್ತಿದ್ದವು.

ಲೆಕ್ಕ ಕೇಳುವವರಿಗೆ: ಬೋಟಿಗೆ ಕಡಿತ ಕಳೆದು 35,000. ಬೆಳಗಿನ ರೂಮುಗಳಿಗೆ 4,500. ಸ್ಟೇಶನ್, ಬೀಚು, ಜೆಟ್ಟಿ ತಿರುಗಲು ವ್ಯಾನಿಗೆ 5,500. ಕೇಕು 2,400. ಮಕ್ಕಳ ದೋಣಿ 3,000. ರಾತ್ರಿ ರೈಲಿಗೆ ಮುಂಚೆ ಹೋಟೆಲ್ ಊಟ 6,800. ಬೋಟಿನ ಹುಡುಗರಿಗೆ 2,000. ಅವರಲ್ಲಿ ನೀರಿಗಿಳಿದ ಲಸ್ಕರನಿಗೆ ಅಮ್ಮ ತಮ್ಮ ಪರ್ಸಿನಿಂದ ಬೇರೆಯೇ ಕೊಟ್ಟರು. ಒಟ್ಟು ರೈಲಿನ ಖರ್ಚು ಬಿಟ್ಟು 59,200, ತಲೆಗೆ ಸುಮಾರು 1,750 ಬಿತ್ತು. ಬಾಡಿಗೆಯಲ್ಲಿ ಜಿಎಸ್‌ಟಿ ಸೇರಿದೆಯಾ, ಹಗಲು ಎಸಿ ಹಾಕಿದರೆ ಜನರೇಟರಿಗೆ ಬೇರೆ ದುಡ್ಡಾ ಎಂದು ಮೊದಲೇ ಕೇಳಿಕೊಳ್ಳಿ. ನಮ್ಮ ಹತ್ತಿರ ಇಳಿಯುವಾಗ ಅದನ್ನು ಎತ್ತಿದರು, ಬರಹ ತೋರಿಸಿದ ಮೇಲೆ ಸುಮ್ಮನಾದರು. ಬಾಕಿಯನ್ನು ನಾವು ಹತ್ತುವಾಗ ಅರ್ಧ, ಊಟ ಆದ ಮೇಲೆ ಅರ್ಧ ಎಂದು ಕೊಟ್ಟೆವು. ಹತ್ತುವ ಮೊದಲೇ ಪೂರ್ತಿ ಕೊಟ್ಟವರ ಮಾತಿಗೆ ಆಮೇಲೆ ಬೆಲೆ ಇರುವುದಿಲ್ಲ.

ಬ್ರೋಕರ್ ಮರುದಿನ ಫೋನ್ ಮಾಡಿದ. ಕ್ಷಮೆ ಕೇಳುತ್ತಾನೆ ಅಂದುಕೊಂಡೆ. ಐದು ಸ್ಟಾರ್ ಹಾಕಿ ಸಾರ್ ಎಂದ. ಫೋನನ್ನು ಭಾವನ ಕೈಗೆ ಕೊಟ್ಟೆ. ಅವರು ಮಲಯಾಳದಲ್ಲಿ ಏನು ಹೇಳಿದರೋ ನನಗೆ ಪೂರ್ತಿ ಗೊತ್ತಾಗಲಿಲ್ಲ, ಆದರೆ ಅವನು ಮತ್ತೆ ಮಾಡಲಿಲ್ಲ. ಬೋಟಿನ ಮಾಲೀಕರ ನಂಬರ್ ಮಾತ್ರ ಇಟ್ಟುಕೊಂಡಿದ್ದೇವೆ. ಚಿಕ್ಕಪ್ಪ ಈಗಾಗಲೇ ಅದನ್ನು ಕೇಳಿದ್ದಾರೆ, ಅವರ ಮಗಳ ನಿಶ್ಚಿತಾರ್ಥಕ್ಕಂತೆ. ಲಿಸ್ಟಿನಲ್ಲಿ ಎಷ್ಟು ಜನ ಎಂದು ಭಾವ ಕೇಳಿದ್ದಕ್ಕೆ "ಒಂದು ಅರವತ್ತು" ಎಂದರು.